‘ಜೀವ ಉಂಟು’ ಎಂದು ಬರೆದ ಪೆಟ್ಟಿಗೆ

ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಇಳಿದು ಮೀನಕ್ಕನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಯೋಚಿಸುತ್ತ ನಿಲ್ಲುವುದಿಲ್ಲ. ಅವಳ ಗಂಡ ಶೇಖರನ ಹೋಟೆಲಿನ ಕಡೆಗೆ ಕೈ ತೋರಿಸುತ್ತಾರೆ. ಹೊಸಬರು ಬುಟ್ಟಿಯ ತುಂಬ ಬಂಗುಡೆ ಇಟ್ಟುಕೊಂಡ ಹೆಂಗಸನ್ನು ಹುಡುಕುತ್ತ ಹೋಗಿ, ಹೋಟೆಲಿನ ಹಿಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿಗಳ ನಡುವೆ ಬಕೆಟ್ ಹಿಡಿದು ನಿಂತ ಮೀನಕ್ಕನನ್ನು, ಅಂದರೆ ಕಾಂತಿಯನ್ನು ಕಂಡು ತಬ್ಬಿಬ್ಬಾಗುತ್ತಾರೆ. ಅವಳಲ್ಲಿರುವುದು ತಿನ್ನುವ ಮೀನಲ್ಲ, ನೋಡುವ ಮೀನು. ಆದರೂ ಆಷಾಢದಲ್ಲಿ ದೋಣಿಗಳು ಕಡಲಿಗೆ ಇಳಿಯದಿದ್ದಾಗ ಯಾರಾದರೊಬ್ಬರು ಫೋನು ಮಾಡಿ, ಬೂತಾಯಿ ಉಂಟಾ ಎಂದು ಕೇಳುವುದು ತಪ್ಪುವುದಿಲ್ಲ. ಕಾಂತಿ ಸಿಟ್ಟಾಗುವುದಿಲ್ಲ. ಇಲ್ಲ, ನಾಳೆ ಕೈಕಂಬದ ಮಾರ್ಕೆಟಿನಲ್ಲಿ ನೋಡಿ ಎಂದು ದಾರಿ ಹೇಳುತ್ತಾಳೆ.

ವೇಣೂರಿನಲ್ಲಿ ಹೊಳೆಯ ಬದಿಯಲ್ಲಿ ಹುಟ್ಟಿ ಬೆಳೆದ ಕಾಂತಿಗೆ ಕಡಲೆಂದರೆ ಹೆದರಿಕೆ. ಮದುವೆಯಾಗುವ ತನಕ ಅವಳು ಕಡಲನ್ನೇ ಕಂಡವಳಲ್ಲ. ಕಂಡ ದಿನ, ಮನೆಯವರೆಲ್ಲ ಮೊಣಕಾಲಿನವರೆಗೆ ನೀರಿಗೆ ಇಳಿದಿದ್ದರೆ ಇವಳು ಮರಳಿನ ಮೇಲೆ ಎಲ್ಲರ ಚಪ್ಪಲಿ ಕಾಯುತ್ತ ಕುಳಿತಿದ್ದಳು. ಹೆದರುವುದು ಅವಳ ಹುಟ್ಟುಗುಣ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗುವವಳು. ಬಸ್ಸಿನಲ್ಲಿ ಬಾಗಿಲ ಬಳಿಯ ಸೀಟಿಗೆ ಎಂದೂ ಕೂರದವಳು. ಇಂಥವಳನ್ನು ಮದುವೆಯಾಗಿ ಶೇಖರ ಮಸ್ಕತ್ತಿಗೆ ಕರೆದುಕೊಂಡು ಹೋದ. ಅಲ್ಲಿ ಅವನಿಗೊಂದು ಸಣ್ಣ ಕ್ಯಾಂಟೀನು ಇತ್ತು. ಕ್ಯಾಂಟೀನಿನ ಪಕ್ಕದಲ್ಲೇ ಬಣ್ಣದ ಮೀನುಗಳ ಅಂಗಡಿ. ಅದನ್ನು ನೋಡಿಕೊಳ್ಳುತ್ತಿದ್ದವರು ಫರಂಗಿಪೇಟೆಯ ಕಡೆಯ ಇಬ್ರಾಹಿಂ ಕಾಕ.

ಮಾತಿಗೆ ಜನವಿಲ್ಲದ ಆ ಊರಿನಲ್ಲಿ ತುಳು ಮಾತಾಡುವ ಒಬ್ಬರು ಸಿಕ್ಕಿದ್ದೇ ಕಾಂತಿಗೆ ತವರು ಸಿಕ್ಕಿದ ಹಾಗಾಯಿತು. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ ಅವಳು ಆ ಅಂಗಡಿಯಲ್ಲಿ ಹೋಗಿ ಕೂರುವಳು. ನೀರಿಗೆ ಎಷ್ಟು ಉಪ್ಪು ಬೇಕು, ಹೊಸದಾಗಿ ಬಂದ ಜೀವವನ್ನು ಹೊಸ ನೀರಿಗೆ ಹೇಗೆ ಒಗ್ಗಿಸಬೇಕು, ಯಾವ ಮೀನು ಯಾರ ಜೊತೆ ಜಗಳಾಡುತ್ತದೆ ಎಂಬುದೆಲ್ಲ ನೋಡಿ ನೋಡಿಯೇ ಕೈಗೆ ಬಂತು. ಒಂದು ದಿನ ಅವಳು, ನನಗೆ ಇದನ್ನೆಲ್ಲ ಮುಟ್ಟಲು ಹೆದರಿಕೆ ಎಂದಳು. ಇಬ್ರಾಹಿಂ ಕಾಕ ನಕ್ಕುಬಿಟ್ಟರು.

“ಹೆದರಿಕೆ ಇದ್ದವರೇ ಇದಕ್ಕೆ ಆಗುವುದು ಮಗಳೇ. ಧೈರ್ಯ ಇದ್ದವರು ಬಂದರೆ ಒಂದೇ ದಿನದಲ್ಲಿ ಎಲ್ಲ ಸಾಯಿಸಿ ಅಂಗಡಿ ಖಾಲಿ ಮಾಡಿ ಹೋಗ್ತಾರೆ.”

ಆ ಒಂದು ಮಾತಿನ ಬಲದಿಂದಲೇ, ಊರಿಗೆ ಮರಳಿ ಬಿ.ಸಿ.ರೋಡಿನಲ್ಲಿ ಹೋಟೆಲು ಹಾಕಿದ ಮೇಲೆ ಅವಳು ಹಿಂದಿನ ಕೋಣೆಯಲ್ಲಿ ಉಪ್ಪುನೀರಿನ ತೊಟ್ಟಿ ಕಟ್ಟಿದಳು. ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರು ತಾಲೂಕಿನಲ್ಲೂ ಯಾರ ಮನೆಯ, ಯಾರ ಕ್ಲಿನಿಕ್ಕಿನ ಮೀನು ಮಂಕಾದರೂ ಕಾಂತಿಗೆ ಕರೆ ಬರುತ್ತದೆ. ಚೀಲದಲ್ಲಿ ಟ್ಯೂಬು, ಬಲೆ, ಥರ್ಮಾಮೀಟರು ತುಂಬಿಕೊಂಡು ಬಸ್ಸು ಹತ್ತುತ್ತಾಳೆ. ಕಂಡಕ್ಟರುಗಳಿಗೆಲ್ಲ ಅವಳ ಗುರುತು ಉಂಟು. ಆದರೆ ಒಂದು ಹಟವನ್ನು ಅವಳು ಬಿಡಲಿಲ್ಲ. ಕಡಲಿನಿಂದ ಹಿಡಿದು ತಂದ ಜೀವವನ್ನು ಅವಳು ತರಿಸುವುದಿಲ್ಲ. ತೊಟ್ಟಿಯಲ್ಲೇ ಹುಟ್ಟಿದ ಮೀನು ಮಾತ್ರ. ಹಿಡಿದು ತಂದದ್ದು ತನ್ನ ಕೈಯಲ್ಲಿ ಸತ್ತರೆ ಯಾರಿಗೆ ಉತ್ತರ ಹೇಳಲಿ ಎಂಬ ಅಂಜಿಕೆ.

ಕಳೆದ ಬೇಸಗೆಯಲ್ಲಿ ಇಬ್ರಾಹಿಂ ಕಾಕನ ಫೋನು ಬಂತು. ಗಲ್ಫಿನಿಂದ ಬಂದ ಮೇಲೆ ಅವರು ಮಗಳ ಊರಾದ ಕೋಝಿಕ್ಕೋಡಿನಲ್ಲಿಯೇ ನೆಲೆಸಿದ್ದರು. ಮಗಳು ಮನೆ ಬದಲಿಸಿ ಫ್ಲ್ಯಾಟಿಗೆ ಹೋಗುತ್ತಿದ್ದಳು. ಕಾಕನೂ ಜೊತೆಗೆ ಹೋಗಲೇಬೇಕು. ಮೊಣಕಾಲು ಮಡಚಲು ಬಾರದ ವಯಸ್ಸು, ತೊಟ್ಟಿ ತೊಳೆಯಲು ಇನ್ನು ಆಗದು. ಮೀನುಗಳನ್ನು ಪರಿಚಯದವರಿಗೆ ಕೊಟ್ಟಾಗಿತ್ತು. ಒಂದು ಮಾತ್ರ ಉಳಿದಿತ್ತು: ಅವರ ‘ಪೂ’.

ಅಂಗಡಿಯವರು ಅದನ್ನು ಅನಿಮೋನ್ ಎನ್ನುತ್ತಾರೆ. ನೋಡಲು ಹೂವು, ಆದರೆ ಅದು ಪ್ರಾಣಿ. ಅಡಿಯಲ್ಲಿ ಒಂದು ಮೆತ್ತನೆಯ ಪಾದ. ಅದರಿಂದ ಕಲ್ಲನ್ನು ಹಿಡಿದು ಕೂರುತ್ತದೆ. ಮೇಲೆ ನೂರಾರು ಬೆರಳು, ನಡುವೆ ಒಂದು ಬಾಯಿ. ಹೂವಿಗೆ ತುಳುವಿನಲ್ಲಿಯೂ ಪೂ, ಕಾಕನ ಮನೆಮಾತಾದ ಬ್ಯಾರಿಯಲ್ಲಿಯೂ ಪೂ. ಹಾಗಾಗಿ ಕಾಕ ಮತ್ತು ಕಾಂತಿಯ ನಡುವೆ ಅದಕ್ಕೆ ಬೇರೆ ಹೆಸರು ಬೇಕಾಗಲಿಲ್ಲ. ಅದು ಕಾಕನ ತೊಟ್ಟಿಯಲ್ಲಿ ಹದಿನಾರು ವರ್ಷ ಬದುಕಿತ್ತು. ಅವರ ಹೆಂಡತಿ ತೀರಿಕೊಂಡ ವರ್ಷ ಅನ್ನ ಬಿಟ್ಟು ಕುಳಿತಿದ್ದವರು, ಇದಕ್ಕೆ ಆಹಾರ ಹಾಕಬೇಕಲ್ಲ ಎಂದು ಎದ್ದವರಂತೆ. ಅದನ್ನು ನಿನಗೆ ಕಳುಹಿಸುತ್ತೇನೆ, ಬೇರೆ ಯಾರಿಗೂ ಕೊಡಲು ಮನಸ್ಸಿಲ್ಲ ಎಂದರು. ಕಾಂತಿ ಬೇಡವೆನ್ನಲಾರದೆ ಹೋದಳು.

ಕಾಕನ ಅಳಿಯನ ತಮ್ಮ ಝಿಯಾದ್ ಮುಂಜಾನೆಯ ರೈಲಿನಲ್ಲಿ ಮಂಗಳೂರಿಗೆ ಬರುವವನಿದ್ದ. ಅವನು ಪೆಟ್ಟಿಗೆಯನ್ನು ತಂದು ಬೆಳ್ತಂಗಡಿಯ ಬಸ್ಸಿಗೆ ಕೊಡುವುದು, ಬಿ.ಸಿ.ರೋಡಿನಲ್ಲಿ ಕಾಂತಿ ಇಳಿಸಿಕೊಳ್ಳುವುದು ಎಂದು ಮಾತಾಯಿತು. ಹಿಂದೊಮ್ಮೆ ಇಂಗ್ಲಿಷಿನ ಚೀಟಿ ಅಂಟಿಸಿ ಬಂದಿದ್ದ ಪೆಟ್ಟಿಗೆಯನ್ನು ಯಾವುದೋ ಬಸ್ಸಿನವರು ಗೋಣಿಚೀಲಗಳ ಅಡಿಗೆ ತುರುಕಿ ಚಪ್ಪಟೆ ಮಾಡಿದ್ದರು. ಅದು ನೆನಪಾಗಿ ಕಾಂತಿ, ಕನ್ನಡದಲ್ಲಿಯೇ ದೊಡ್ಡದಾಗಿ ಬರೆಯಿರಿ ಕಾಕ ಎಂದಳು. ಏನೆಂದು ಬರೆಯಬೇಕು ಎಂದು ಅವರು ಕೇಳಿದಾಗ, “ಜೀವ ಉಂಟು ಅಂತ ಬರೆಯಿರಿ. ಅಷ್ಟು ಸಾಕು” ಎಂದಳು.

ಏಪ್ರಿಲ್ ಕೊನೆಯ ಆ ಬೆಳಗ್ಗೆ ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಮೂಡುಬಿದಿರೆಯ ಹಲ್ಲಿನ ಡಾಕ್ಟರರಿಗೆ ಈ ದಿನ ಬರಲಾಗುವುದಿಲ್ಲ ಎಂದು ಹೇಳಿ, ಕಾಂತಿ ತೊಟ್ಟಿಯ ಪಕ್ಕದ ಡ್ರಮ್ಮಿನಲ್ಲಿ ಹಿಂದಿನ ದಿನವೇ ಕದಡಿಟ್ಟ ಉಪ್ಪುನೀರನ್ನು ಇನ್ನೊಮ್ಮೆ ಅಳೆದಳು. ಬಸ್ಸು ಹನ್ನೊಂದಕ್ಕೆ ಬರಬೇಕಾಗಿತ್ತು. ಬರಲಿಲ್ಲ. ರಸ್ತೆ ಅಗಲ ಮಾಡುವ ಕೆಲಸದಲ್ಲಿ ಎಲ್ಲೋ ಲಾರಿಯೊಂದು ಅಡ್ಡ ನಿಂತು, ವಾಹನಗಳ ಸಾಲು ಮುಂದೆ ಹೋಗದೆ ಬಿಸಿಲಿನಲ್ಲಿ ಕಾಯುತ್ತಿದೆ ಎಂದು ಯಾರೋ ಹೇಳಿದರು. ಕಾಂತಿ ನಿಲ್ದಾಣದ ನೆರಳಿನಲ್ಲಿ ನಿಂತಳು, ಕುಳಿತಳು, ಮತ್ತೆ ನಿಂತಳು.

ಬಸ್ಸು ಬಂದಾಗ ಹನ್ನೆರಡೂವರೆ ದಾಟಿತ್ತು. ಕಂಡಕ್ಟರ್ ಶಾಫಿ ಎದುರಿನ ಬಾಗಿಲಿನಿಂದಲೇ ಇಳಿದ. ಎರಡು ಕೈಯಲ್ಲಿಯೂ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿ ಹಿಡಿದಿದ್ದ. ಮುಖದಲ್ಲಿ ಒಂದು ಬಗೆಯ ಹೆಮ್ಮೆ.

“ತಗೊಳ್ಳಿ ಅಕ್ಕ. ಒಂದು ಕುಲುಕು ಇಲ್ಲ. ಡ್ರೈವರಣ್ಣನ ಹತ್ತಿರವೇ ಇಟ್ಟಿದ್ದು.”

ಕಾಂತಿ ಪೆಟ್ಟಿಗೆಯ ಅಡಿಗೆ ಕೈ ಕೊಟ್ಟಳು. ಥರ್ಮೋಕೋಲಿನ ತಳ ಬಿಸಿಯಾಗಿತ್ತು. ಬಿಸಿಲಿಗೆ ಕಾದ ಬಿಸಿಯಲ್ಲ, ಈಗ ತಾನೇ ಒಲೆಯಿಂದ ಇಳಿಸಿದ ಪಾತ್ರೆಯ ಬಿಸಿ. ಒಂದು ಮೂಲೆ ಮೆತ್ತಗಾಗಿ ಒಳಕ್ಕೆ ಕುಗ್ಗಿತ್ತು.

“ಹತ್ತಿರ ಅಂದ್ರೆ ಎಲ್ಲಿ?” ಎಂದು ಕೇಳುವಾಗಲೇ ಅವಳಿಗೆ ಉತ್ತರ ಗೊತ್ತಿತ್ತು.

ನಮ್ಮ ಕಡೆಯ ಬಸ್ಸುಗಳಲ್ಲಿ ಡ್ರೈವರಿನ ಎಡಗಡೆ ಎಂಜಿನ್ನಿನ ಮೇಲೊಂದು ಗೂಡಿನಂಥ ಮುಚ್ಚಳ ಇರುತ್ತದೆ. ಜೋಪಾನವಾಗಿ ಹೋಗಬೇಕಾದ ವಸ್ತುಗಳಿಗೆಲ್ಲ ಅದೇ ಜಾಗ. ಆಸ್ಪತ್ರೆಗೆ ಒಯ್ಯುವ ಬುತ್ತಿ, ಮದುಮಗಳ ಸೀರೆ, ಒಡೆಯುವ ಗಾಜು ಎಲ್ಲ ಅಲ್ಲಿ, ಡ್ರೈವರಿನ ಕಣ್ಣೆದುರಿಗೆ. ಅದು ಮರ್ಯಾದೆಯ ಸ್ಥಳ. ಶಾಫಿ ಅದನ್ನೇ ಹೇಳಿದ. ಉಳಿದ ಪಾರ್ಸೆಲನ್ನೆಲ್ಲ ಹಿಂದಿನ ಸೀಟಿನ ಅಡಿಗೆ ಹಾಕಿದ್ದನಂತೆ.

“ಜೀವ ಉಂಟು ಅಂತ ಬರೆದಿತ್ತಲ್ಲ ಅಕ್ಕ. ಜೀವ ಇದ್ದದ್ದನ್ನು ಹಿಂದೆ ಹಾಕ್ಲಿಕ್ಕೆ ಆಗ್ತದಾ?”

ಹಿಂದಿನ ಸೀಟಿನ ಅಡಿಯಲ್ಲಿ ನೆರಳಿತ್ತು. ಅಲ್ಲಿ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ಕಾಂತಿಗೆ ಅವನನ್ನು ಬೈಯಬೇಕೆನಿಸಿತು, ಬಾಯಿ ತೆರೆಯಿತು, ಆದರೆ ಪೆಟ್ಟಿಗೆಯ ಮುಚ್ಚಳದಲ್ಲಿನ ಅಕ್ಷರಗಳ ಮೇಲೆ ಕಣ್ಣು ಬಿತ್ತು. ನಡುಗುವ ಕೈಯ ದೊಡ್ಡ ದೊಡ್ಡ ಅಕ್ಷರಗಳು. ಐದನೆಯ ತರಗತಿಯವರೆಗೆ ಓದಿದ ಕಾಕ ಎಷ್ಟೋ ವರ್ಷಗಳ ಬಳಿಕ ಕನ್ನಡ ಬರೆದಿದ್ದರು. ಬರೆಯಲು ಹೇಳಿದವಳು ತಾನೇ. ಅವಳು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಓಡಿದಳು. ಏನೋ ತಪ್ಪಾಗಿದೆ ಎಂದು ಶಾಫಿಗೆ ತಿಳಿದದ್ದು ಆಗಲೇ. ಡ್ರೈವರು ಹಾರ್ನ್ ಹೊಡೆಯುತ್ತಿದ್ದ. ಶಾಫಿ ಹಿಂದಿರುಗಿ ನೋಡುತ್ತಲೇ ಬಸ್ಸು ಹತ್ತಿದ.

ಹಿಂದಿನ ಕೋಣೆಯಲ್ಲಿ ದೀಪ ಆರಿಸಿ, ಕಿಟಕಿಗೆ ಪರದೆ ಎಳೆದು ಕಾಂತಿ ಪೆಟ್ಟಿಗೆ ಬಿಚ್ಚಿದಳು. ಕೋಝಿಕ್ಕೋಡಿನಲ್ಲಿ ಇಟ್ಟಿದ್ದ ತಂಪಿನ ಪೊಟ್ಟಣ ಯಾವಾಗಲೋ ಕರಗಿ ಬೆಚ್ಚನೆಯ ನೀರಾಗಿತ್ತು. ಪ್ಲಾಸ್ಟಿಕ್ ಚೀಲದ ನೀರು ಮಬ್ಬಾಗಿತ್ತು. ಪೂ ಎಲ್ಲಿ? ಚೀಲದ ಮೂಲೆಯಲ್ಲಿ ಮುಷ್ಟಿಯಷ್ಟು ಗಾತ್ರದ, ಒದ್ದೆ ಬಟ್ಟೆಯನ್ನು ಹಿಂಡಿ ಎಸೆದಂಥ ಒಂದು ಮುದ್ದೆ ಇತ್ತು. ಫೋಟೋದಲ್ಲಿ ನೋಡಿದ್ದ ಕಂದುಹಸುರು ಬಣ್ಣ ಹೋಗಿ ಬೂದಿ ಬಣ್ಣ. ಬಾಯಿ ತೆರೆದುಕೊಂಡು ಒಳಗಿನ ಬಿಳಿಯ ಪದರ ಹೊರಗೆ ಚಾಚಿತ್ತು. ಥರ್ಮಾಮೀಟರು ಇಳಿಸಿದಳು. ಅದು ಮೂವತ್ತೈದರಲ್ಲಿ ನಿಂತಿತು. ಅವಳ ತೊಟ್ಟಿಯ ನೀರು ಇಪ್ಪತ್ತಾರು.

ಬಿಸಿ ಪೆಟ್ಟಿಗೆಯಿಂದ ಚೀಲವನ್ನು ಹೊರಗೆತ್ತಿ ನೆಲದ ಮೇಲಿಟ್ಟಳು.

ಅಷ್ಟರಲ್ಲಿ ಶೇಖರ ಊಟದ ಗಿರಾಕಿಗಳನ್ನು ಬಿಟ್ಟು ಒಳಗೆ ಬಂದ. ಅವಳು ಓಡಿ ಬಂದದ್ದನ್ನು ಕಂಡಿದ್ದ. ಚೀಲವನ್ನು ಮುಟ್ಟಿ ನೋಡಿದವನು ಹೋಟೆಲಿಗೆ ಹೋಗಿ, ಜ್ಯೂಸಿಗೆ ಇಟ್ಟಿದ್ದ ಐಸನ್ನು ಒಂದು ಜಗ್ಗಿನ ತುಂಬ ತಂದು ಚೀಲದ ಮೇಲೆ ಸುರಿಯಲು ಎತ್ತಿದ. ಕಾಂತಿ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಐಸ್ ಬೇಡ. ನನಗೆ ಬಿಸಿನೀರು ಬೇಕು. ಬಾಯ್ಲರಿನದ್ದು, ಒಂದು ಬಕೆಟ್.”

“ನಿನಗೆ ಎಂತ ಆಗಿದೆ ಮಾರಾಯ್ತಿ? ಬಿಸಿಯಾಗಿ ಸಾಯ್ತಾ ಉಂಟು, ಇನ್ನೂ ಬಿಸಿನೀರಾ?”

“ಬಿಸಿಲಿನಿಂದ ಬಂದವರ ತಲೆಗೆ ನೀವು ತಣ್ಣೀರು ಸುರೀತೀರಾ? ಮೊದಲು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಡುವುದಲ್ಲವಾ?”

ಶೇಖರ ಅವಳ ಮುಖ ನೋಡಿದ. ಇಷ್ಟು ವರ್ಷಗಳಲ್ಲಿ ಅವಳು ಅವನ ಕೈ ಹಿಡಿದು ತಡೆದದ್ದು ಇದೇ ಮೊದಲು. ಅವನು ಐಸಿನ ಜಗ್ಗನ್ನು ಕೆಳಗಿಟ್ಟು ಬಾಯ್ಲರಿನ ಕಡೆಗೆ ಹೋದ.

ಕಾಂತಿಗೆ ಭಯವಿದ್ದದ್ದು ಎರಡು ಕಡೆಯಿಂದ. ಚೀಲದ ನೀರು ಕೆಟ್ಟಿದೆ, ಅದರಲ್ಲಿ ಉಸಿರಿಲ್ಲ. ಅಲ್ಲಿ ಬಿಟ್ಟರೆ ಸಾಯುತ್ತದೆ. ತಂಪು ತೊಟ್ಟಿಗೆ ಒಮ್ಮೆಗೇ ಹಾಕಿದರೆ ಮೈ ಸೆಡೆತು ಸಾಯುತ್ತದೆ. ಉಳಿದದ್ದು ಒಂದೇ ದಾರಿ: ಒಳ್ಳೆಯ ನೀರನ್ನೇ ಅದರ ಬಿಸಿಗೆ ಹತ್ತಿರ ತಂದು, ಅದರೊಳಗೆ ಬಿಟ್ಟು, ಆ ಮೇಲೆ ಮೆಲ್ಲ ಮೆಲ್ಲನೆ ಇಳಿಸುವುದು. ಡ್ರಮ್ಮಿನ ಉಪ್ಪುನೀರನ್ನು ಸ್ಟೀಲಿನ ಪಾತ್ರೆಗೆ ತೋಡಿ, ಪಾತ್ರೆಯನ್ನು ಬಿಸಿನೀರಿನ ಬಕೆಟಿನಲ್ಲಿ ನಿಲ್ಲಿಸಿ, ಬಾಳಂತಿಯ ಮಗುವಿಗೆ ಮೀಸುವ ನೀರಿನ ಹದ ನೋಡುವಂತೆ ಮೊಣಕೈ ಅದ್ದಿ ನೋಡಿದಳು. ನಂಬಿಕೆಯಾಗದೆ ಥರ್ಮಾಮೀಟರನ್ನೂ ಇಳಿಸಿದಳು. ಮೂವತ್ಮೂರಕ್ಕೆ ಬಂದಾಗ ಅದನ್ನು ಪ್ಲಾಸ್ಟಿಕ್ ಟಬ್ಬಿಗೆ ಸುರಿದು, ಗಾಳಿಯ ಪಂಪಿನ ಕೊಳವೆಯನ್ನು ಅದರೊಳಗೆ ಬಿಟ್ಟಳು. ಬಳಿಕ ಪೂವನ್ನು ಅಂಗೈಯ ಮೇಲೆ ತೆಗೆದುಕೊಂಡಳು.

ಬದುಕಿರುವ ಪೂವಿನ ಬೆರಳುಗಳು ಮುಟ್ಟಿದವರ ಚರ್ಮಕ್ಕೆ ಹಲಸಿನ ಮೇಣದಂತೆ ಅಂಟಿಕೊಳ್ಳುತ್ತವೆ ಎಂದು ಕಾಕ ಹೇಳಿಕೊಟ್ಟಿದ್ದರು. ಇದು ಅಂಟಲಿಲ್ಲ. ಅವಳ ಅಂಗೈಯಿಂದ ಜಾರಿ ಟಬ್ಬಿನ ತಳಕ್ಕೆ ಇಳಿದು, ಗಾಳಿಯ ಗುಳ್ಳೆಗಳು ನೂಕಿದ ಕಡೆಗೆ ಹೊರಳಿತು.

ದೊಡ್ಡ ತೊಟ್ಟಿಯಿಂದ ಟಬ್ಬಿಗೆ ಅವಳು ಸಪೂರದ ಟ್ಯೂಬೊಂದನ್ನು ಇಳಿಬಿಟ್ಟಳು. ಟ್ಯೂಬಿಗೆ ಒಂದು ಗಂಟು ಹಾಕಿದಳು. ಆಸ್ಪತ್ರೆಯ ಡ್ರಿಪ್ಪಿನಂತೆ ತಂಪು ನೀರು ತೊಟ್ಟು ತೊಟ್ಟಾಗಿ ಬೀಳತೊಡಗಿತು. ಇನ್ನು ಕಾಯುವುದಷ್ಟೇ. ದೊಡ್ಡ ತೊಟ್ಟಿಯಲ್ಲಿದ್ದ ಅವಳ ಎರಡು ಕಿತ್ತಳೆ ಮೀನುಗಳು ಗಾಜಿಗೆ ಮೂಗು ತಾಗಿಸಿ ಇತ್ತ ಕಡೆಗೇ ನೋಡುತ್ತಿದ್ದಂತೆ ತೋರಿತು. ಪೂವಿನ ಮಡಿಲಲ್ಲಿ ಮನೆ ಮಾಡುವ ಜಾತಿ ಅದು. ಪೂ ಬಂದರೆ ಅವುಗಳಿಗೂ ಒಂದು ಮನೆಯಾದೀತೆಂದು ಅವಳು ಎಣಿಸಿದ್ದಳು.

ಫೋನು ಹೊಡೆದುಕೊಂಡಿತು. ಇಬ್ರಾಹಿಂ ಕಾಕ. ಕಾಂತಿ ಪರದೆಯ ಮೇಲಿನ ಹೆಸರನ್ನು ನೋಡುತ್ತ ನಿಂತಳು. ಅದು ಹೊಡೆದು ಹೊಡೆದು ತಾನೇ ನಿಂತಿತು.

ಸ್ವಲ್ಪ ಹೊತ್ತಿನಲ್ಲಿ ಪೂವಿನ ಬಾಯಿಯಿಂದ ಕಂದು ಬಣ್ಣದ ಲೋಳೆ ಹೊರಬರತೊಡಗಿತು. ದಾರದಂತೆ ಇಳಿದು ನೀರಿನಲ್ಲಿ ಹರಡಿತು. ಇದು ಮೈಯೊಳಗಿನ ಕೊಳೆಯೋ, ಮೈಯೇ ಕೊಳೆಯುತ್ತಿರುವುದೋ ಹೇಳುವುದು ಹೇಗೆ? ಕೊಳೆಯುತ್ತಿದ್ದರೆ ಕ್ಷಣಾರ್ಧದಲ್ಲಿ ನೀರೆಲ್ಲ ವಿಷವಾಗುತ್ತದೆ. ಊಟದ ಸಾಲು ಮುಗಿಸಿ ಬಂದ ಶೇಖರ ಟಬ್ಬಿನೊಳಗೆ ಇಣುಕಿ ನೋಡಿ ಮುಖ ಕಿವುಚಿಕೊಂಡ. ಇದು ಹೋಯಿತು, ಇನ್ನು ಇಟ್ಟುಕೊಂಡು ಪ್ರಯೋಜನವಿಲ್ಲ, ವಾಸನೆ ಹೋಟೆಲಿಗೆ ಬರುವ ಮೊದಲು ಹೂಳಿಬಿಡುವ ಎಂದು ಮೆಲ್ಲನೆ ಹೇಳಿದ. ಅವನ ಧ್ವನಿಯಲ್ಲಿ ಕಠಿಣತೆ ಇರಲಿಲ್ಲ. ಅವಳು ಇನ್ನಷ್ಟು ನೋಯದಿರಲಿ ಎಂದು ಬೇಗ ಮುಗಿಸಲು ನೋಡುತ್ತಿದ್ದ.

ವಾಸನೆ ಎಂದು ಅವನು ಹೇಳಿದ್ದೇ ಕಾಂತಿಗೆ ಒಂದು ದಾರಿಯಾಯಿತು. ಸತ್ತ ಪೂವಿನ ನಾತವನ್ನು ಅವಳು ಮಸ್ಕತ್ತಿನಲ್ಲಿ ಒಮ್ಮೆ ಕಂಡಿದ್ದಳು. ಒಮ್ಮೆ ಮೂಗಿಗೆ ಹೊಡೆದರೆ ಮರೆಯುವಂಥದ್ದಲ್ಲ. ಮೂಗನ್ನು ನೀರಿನ ಹತ್ತಿರಕ್ಕೆ ಒಯ್ಯಬೇಕು. ಒಯ್ಯಲು ಧೈರ್ಯ ಸಾಲದು. ಆ ನಾತ ಬಂದುಬಿಟ್ಟರೆ ಎಲ್ಲ ಮುಗಿಯಿತು, ಬಾರದೆ ಇರುವ ತನಕ ಏನೋ ಒಂದು ಆಸೆ. ಅವಳು ಟಬ್ಬಿನ ಅಂಚನ್ನು ಹಿಡಿದು ಬಗ್ಗಿದಳು, ಎದ್ದಳು, ಮತ್ತೆ ಬಗ್ಗಿದಳು. ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

ಕಡಲಿನ ವಾಸನೆ ಬಂತು. ಚಪ್ಪಲಿ ಕಾಯುತ್ತ ಕುಳಿತಿದ್ದ ದಿನ ಬಂದಿದ್ದ ಅದೇ ವಾಸನೆ. ಅದರಲ್ಲಿ ಸ್ವಲ್ಪ ಹುಳಿ ಬೆರೆತಿತ್ತು, ಕೊಳೆತದ್ದು ಇರಲಿಲ್ಲ.

“ಹೂಳುವುದು ಬೇಡ. ನೀರು ಬದಲಿಸುವ” ಎಂದಳು.

ಲೋಳೆಯನ್ನು ಟ್ಯೂಬಿನಿಂದ ಎಳೆದು ತೆಗೆದು, ಮತ್ತೆ ಬೆಚ್ಚನೆಯ ಉಪ್ಪುನೀರು ಹದ ಮಾಡಿ ಸುರಿದರು. ಈ ಸಲ ಮೂವತ್ತೊಂದು. ಶೇಖರ ಬಕೆಟು ಹೊತ್ತ. ಪೂ ಹಾಗೆಯೇ ಬಿದ್ದುಕೊಂಡಿತ್ತು.

ಮೂರು ಗಂಟೆಯ ಹೊತ್ತಿಗೆ ಕರೆಂಟು ಹೋಯಿತು. ಕೋಣೆಯಲ್ಲಿ ಅದುವರೆಗೆ ಗುಂಯ್ ಎನ್ನುತ್ತಿದ್ದದ್ದೆಲ್ಲ ಒಮ್ಮೆಗೇ ಸುಮ್ಮನಾಯಿತು. ಇದ್ದ ಒಂದು ಬ್ಯಾಟರಿ ಪಂಪನ್ನು ದೊಡ್ಡ ತೊಟ್ಟಿಗೆ ಹಾಕಲೇಬೇಕಿತ್ತು. ಟಬ್ಬಿಗೆ ಗಾಳಿ ಇಲ್ಲ. ಅವಳು ಒಂದು ಚೊಂಬು ತಂದು ಟಬ್ಬಿನ ನೀರನ್ನೇ ತೋಡಿ ತೋಡಿ ಮೇಲಿನಿಂದ ಹೊಯ್ಯತೊಡಗಿದಳು. ನೀರು ಬೀಳುವಾಗ ಅದರ ಜೊತೆಗೆ ಒಂದಿಷ್ಟು ಗಾಳಿಯೂ ಹೋಗುತ್ತದೆ. ತೋಳು ಸೋತು ಬಂದಾಗ ಶೇಖರ ಚೊಂಬನ್ನು ಕೇಳಿ ತೆಗೆದುಕೊಂಡ. ಕೈಗೆ ಬಂದದ್ದೇ ಅಭ್ಯಾಸದ ಬಲದಿಂದ ಚಾ ಎಳೆಯುವಂತೆ ಮಾರುದ್ದ ಎತ್ತಿ ಸುರಿದ. ನೀರು ಟಬ್ಬಿನಲ್ಲಿ ಧೋ ಎಂದಿತು.

“ಅದು ಚಾ ಅಲ್ಲ. ಮೆಲ್ಲ, ಬದಿಯಿಂದ.”

“ಇಪ್ಪತ್ತು ವರ್ಷದಿಂದ ಎಳೆದವನಿಗೆ ಕಲಿಸ್ತೀಯಾ?” ಎಂದ ಅವನು. ಆದರೆ ಕೈ ತಗ್ಗಿಸಿದ.

ಹೀಗೆ ಇಬ್ಬರೂ ಸರದಿಯಲ್ಲಿ ಹೊಯ್ಯುತ್ತಿದ್ದಾಗ ಬಾಗಿಲಿನಲ್ಲಿ ಶಾಫಿ ಕಾಣಿಸಿಕೊಂಡ. ಬೆಳ್ತಂಗಡಿಗೆ ಹೋಗಿ ಮರಳುವ ಟ್ರಿಪ್ಪಿನಲ್ಲಿ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ಅವನು ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು, ಟಿಕೆಟಿನ ಚೀಲವನ್ನು ಹಿಂದಕ್ಕೆ ಸರಿಸಿ ಕತ್ತು ಚಾಚಿ ನೋಡಿದ. ಎಂಜಿನ್ನಿನ ಬಿಸಿ ತಾಗಿದ್ದು ಹೌದಾ ಎಂದು ಕೇಳಿದ. ಕಾಂತಿ ಹೌದೆಂದಳು. ನೀನು ಬೇಕೆಂದು ಮಾಡಿದ್ದಲ್ಲ ಎಂದು ಹೇಳಬೇಕೆಂದಿದ್ದವಳು ನೀರು ಹೊಯ್ಯುತ್ತಲೇ ಉಳಿದಳು. ತನ್ನ ತಾಯಿಯ ಮದ್ದನ್ನೂ ಮಂಗಳೂರಿನಿಂದ ಅಲ್ಲೇ ಇಟ್ಟು ತರುತ್ತೇನಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ ಹಾಗೆ ಹೇಳಿದ. ಆ ಮೇಲೆ ಸ್ವರ ತಗ್ಗಿಸಿ, “ಈಗ ಜೀವ ಉಂಟಾ ಅಕ್ಕ?” ಎಂದ.

ಕಾಂತಿ ಚೊಂಬನ್ನು ಹಿಡಿದುಕೊಂಡೇ ತಲೆಯಾಡಿಸಿದಳು. ಉಂಟೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ನಾಳೆ ಬೆಳಗ್ಗಿನ ಟ್ರಿಪ್ಪಿನಲ್ಲಿ ಕೇಳುತ್ತೇನೆ ಎಂದು ಅವನು ಹೋದ.

ಕರೆಂಟು ಬಂದಾಗ ಸಂಜೆಯಾಗಿತ್ತು. ಟಬ್ಬಿನ ನೀರು ಇಪ್ಪತ್ತೆಂಟಕ್ಕೆ ಇಳಿದಿತ್ತು. ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ತೆಗೆಯದೆ ಇರಲು ಆಗಲಿಲ್ಲ. ಆ ಕಡೆಯಿಂದ ಕಾಕ ಸಲಾಮು, ಕುಶಲ ಒಂದನ್ನೂ ಹೇಳದೆ ನೇರವಾಗಿ ಕೇಳಿದರು.

“ಜೀವ ಉಂಟಾ ಮಗಳೇ?”

“ಗೊತ್ತಿಲ್ಲ ಕಾಕ” ಎಂದಳು ಕಾಂತಿ. ಹೇಳಿದ ಮೇಲೆ ಅಳು ಬಂತು. ಅಳುತ್ತಲೇ ಎಲ್ಲವನ್ನೂ ಹೇಳಿದಳು: ರಸ್ತೆಯ ಲಾರಿ, ಎಂಜಿನ್ನಿನ ಮುಚ್ಚಳ, ಶಾಫಿ ಓದಿದ ಅಕ್ಷರ, ಬಿಸಿನೀರು, ಲೋಳೆ. ತಾನು ಮಧ್ಯಾಹ್ನ ಫೋನು ತೆಗೆಯದೆ ಇದ್ದದ್ದನ್ನೂ ಹೇಳಿದಳು.

ಆ ಮೇಲೆ ಕಾಕ ಕೇಳಿದ್ದು ನೀರಿನ ವಾಸನೆ ಹೇಗಿದೆ ಎಂದು. ಕಡಲಿನದ್ದೇ ಎಂದಳು. ಬಾಯಿ ಇನ್ನೂ ತೆರೆದಿದೆಯೇ ಎಂದರು. ಸ್ವಲ್ಪ ಸಣ್ಣದಾದ ಹಾಗೆ ಕಾಣುತ್ತದೆ, ಆದರೆ ತನಗೆ ಆಸೆಯಿಂದ ಹಾಗೆ ಕಾಣುವುದೋ ಏನೋ ಎಂದಳು. ಆಗ ಅವರು ಹೇಳಿದರು: “ಹಾಗಾದರೆ ಮುಟ್ಟಬೇಡ. ತಿನ್ನಲು ಕೊಡಬೇಡ. ಟಬ್ಬಿನೊಳಗೆ ಒಂದು ಕಲ್ಲು ಇಡು, ಮೇಲೆ ಕಪ್ಪು ಬಟ್ಟೆ ಹಾಕು. ಯಾರಾದರೂ ಮುಖವನ್ನೇ ನೋಡ್ತಾ ಕೂತರೆ ನಿನಗೆ ನಿದ್ರೆ ಬರ್ತದಾ?”

ಫೋನು ಇಡುವ ಮೊದಲು ಇನ್ನೊಂದು ಮಾತು ಹೇಳಿದರು. ಆ ಕಂಡಕ್ಟರಿಗೆ ಬೈಯಬೇಡ, ಬರೆದವನು ನಾನು ಎಂದರು. ಬರೆಸಿದವಳು ನಾನು ಎಂದು ಕಾಂತಿ ಹೇಳುವಷ್ಟರಲ್ಲಿ ಅವರು ಫೋನು ಇಟ್ಟಿದ್ದರು.

ಅವಳು ಹಾಗೆಯೇ ಮಾಡಿದಳು. ಟಬ್ಬಿನ ಒಂದು ಬದಿಗೆ ಕಲ್ಲು ಇಟ್ಟು, ಕರಿಯ ಶಾಲು ಹೊದೆಸಿ, ಡ್ರಿಪ್ಪಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿ ಕೋಣೆಯ ಬಾಗಿಲು ಎಳೆದುಕೊಂಡಳು. ನೋಡದೆ ಇರುವುದು ನೋಡುವುದಕ್ಕಿಂತ ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಊಟಕ್ಕೆ ಕುಳಿತವಳು, ಇದೇನಾದರೂ ಹೋದರೆ ತಾನು ಇನ್ನು ತೊಟ್ಟಿಗೆ ಕೈ ಹಾಕುವುದಿಲ್ಲ, ಮೂರು ತಾಲೂಕಿನವರಿಗೂ ಬೇರೆ ಯಾರನ್ನಾದರೂ ನೋಡಿಕೊಳ್ಳಲು ಹೇಳಿಬಿಡುತ್ತೇನೆ ಎಂದಳು. ಶೇಖರ ಅವಳ ಬಟ್ಟಲಿಗೆ ಇನ್ನೊಂದು ಸೌಟು ಮಜ್ಜಿಗೆ ಬಡಿಸಿದ.

ಬೆಳಗ್ಗೆ ಹೋಟೆಲಿನಲ್ಲಿ ಮೊದಲ ಚಾ ಕುದಿಯುವ ಹೊತ್ತಿಗೆ ಕಾಂತಿ ಬಾಗಿಲ ಮುಂದೆ ನಿಂತಿದ್ದಳು. ಹೊಸ್ತಿಲಲ್ಲೇ ಮೂಗು ಅರಳಿಸಿದಳು. ನಾತವಿಲ್ಲ. ಆದರೂ ಶಾಲಿನ ಅಂಚನ್ನು ಹಿಡಿದ ಕೈ ಮೇಲೇಳಲು ಒಪ್ಪಲಿಲ್ಲ. ಶೇಖರನನ್ನು ಕರೆದು, ನೀವು ತೆಗೆಯಿರಿ ಎಂದಳು. ಅವನು ಶಾಲನ್ನು ತೆಗೆದ.

ಟಬ್ಬು ಖಾಲಿ ಇತ್ತು.

ನಿನ್ನೆ ಪೂ ಬಿದ್ದಿದ್ದ ಜಾಗದಲ್ಲಿ ಏನೂ ಇರಲಿಲ್ಲ. ತಳದಲ್ಲಿ ಸ್ವಲ್ಪ ಕಂದು ಲೋಳೆ, ಅದರ ಮೇಲೆ ಮಬ್ಬಾದ ನೀರು. ಕರಗಿಹೋಯಿತು ಎಂದುಕೊಂಡಳು ಕಾಂತಿ. ಕೆಲವೊಮ್ಮೆ ಹಾಗಾಗುತ್ತದೆ, ರಾತ್ರಿ ಬೆಳಗಾಗುವುದರೊಳಗೆ ಇಡೀ ಮೈ ನೀರಾಗುತ್ತದೆ. ಅವಳು ಟಬ್ಬಿನ ಪಕ್ಕ ನೆಲದಲ್ಲಿ ಕುಳಿತುಬಿಟ್ಟಳು. ಕಾಕನಿಗೆ ಹೇಳಲು ಒಂದು ಚೂರು ಕೂಡ ಉಳಿಯಲಿಲ್ಲವಲ್ಲ ಎಂಬುದೊಂದೇ ಯೋಚನೆ.

ನೆಲದಲ್ಲಿ ಕುಳಿತದ್ದರಿಂದ ಅವಳ ಕಣ್ಣು ಟಬ್ಬಿನ ಬದಿಗೆ ಸರಿಯಾಗಿ ಬಂದಿತ್ತು. ಅದು ಅರೆಪಾರದರ್ಶಕ ಪ್ಲಾಸ್ಟಿಕ್ಕು. ಅದರ ಒಳಮೈಯಲ್ಲಿ, ಕಲ್ಲಿನ ಹಿಂದೆ, ಮೇಲಿನಿಂದ ನೋಡಿದರೆ ಕಾಣದ ಸಂದಿನಲ್ಲಿ ಬಿಲ್ಲೆಯಂಥ ಗುಂಡನೆಯ ಒಂದು ನೆರಳು ಅಂಟಿಕೊಂಡಿತ್ತು. ಅವಳು ತೆವಳಿಕೊಂಡು ಹತ್ತಿರ ಹೋದಳು. ಪಾದ. ಪೂ ತಾನೇ ನಡೆದು ಹೋಗಿ, ಕಲ್ಲಿನ ಮರೆಯಲ್ಲಿ, ಬೆಳಕು ಬೀಳದ ಕಡೆ ಗೋಡೆಯನ್ನು ಹಿಡಿದು ಕುಳಿತಿತ್ತು. ಬಣ್ಣ ಬಂದಿರಲಿಲ್ಲ, ಗಾತ್ರವೂ ಬಂದಿರಲಿಲ್ಲ. ಬಾಯಿ ಮಾತ್ರ ಮುಚ್ಚಿತ್ತು. ನಾಲ್ಕೈದು ಬೆರಳುಗಳು ನೀರಿನಲ್ಲಿ ಎತ್ತಲೋ ತಡಕಾಡುತ್ತಿದ್ದವು.

ಮುಟ್ಟಬೇಡ ಎಂದು ಕಾಕ ಹೇಳಿದ್ದರು. ಆದರೂ ಕಾಂತಿ ಕಿರುಬೆರಳಿನ ತುದಿಯನ್ನು ನೀರಿಗಿಳಿಸಿ ಪೂವಿನ ಒಂದು ಬೆರಳಿಗೆ ತಾಗಿಸಿದಳು. ಅದು ಅಂಟಿತು. ಮೇಣದಷ್ಟಲ್ಲ, ಹಿಡಿಯಲೋ ಬಿಡಲೋ ಎಂದು ಅನುಮಾನಿಸುವಷ್ಟು. ಅವಳು ಕೈಯನ್ನು ಎಳೆದುಕೊಂಡಾಗ ಅದು ಒಂದು ಎಳೆಯಷ್ಟು ಹಿಂದೆ ಬಂದು ಆ ಮೇಲೆ ಬಿಟ್ಟಿತು.

ಕೋಝಿಕ್ಕೋಡಿನಲ್ಲಿ ಕಾಕ ಫೋನನ್ನು ಮೊದಲ​ನೆಯ ಸದ್ದಿಗೇ ಎತ್ತಿಕೊಂಡರು. ಪೂ ಇದ್ದಲ್ಲಿಲ್ಲ, ಜಾಗ ಬಿಟ್ಟು ಹೋಗಿದೆ ಕಾಕ ಎಂದು ಅವಳು ಹೇಳಿದಳು. ಆ ಕಡೆಯಲ್ಲಿ ಮುದುಕರು ಕೆಮ್ಮು ಬರುವಷ್ಟು ನಕ್ಕರು. ಜಾಗ ಹಿಡಿಯಿತಾ, ಜಾಗ ಹಿಡಿಯಿತಾ ಎಂದು ಎರಡೆರಡು ಸಲ ಕೇಳಿದರು. ಬಳಿಕ ಬಣ್ಣ ಬರಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಯಾವ ದಿನ ಬೇಕಾದರೂ ಕೈ ಕೊಡಬಹುದು, ಹೆದರಿಕೆ ಬಿಡಬೇಡ ಎಂದು ಎಚ್ಚರಿಸಿದರು. ಬಿಡುವುದಿಲ್ಲ ಎಂದಳು ಕಾಂತಿ. ಅವಳಿಗೆ ಅದನ್ನು ಬಿಟ್ಟು ಅಭ್ಯಾಸವೂ ಇರಲಿಲ್ಲ.

ಹೊರಗೆ ಹಾರ್ನ್ ಕೇಳಿಸಿತು. ಬೆಳ್ತಂಗಡಿಯ ಬಸ್ಸು ನಿಲ್ದಾಣಕ್ಕೆ ಬರುತ್ತಿತ್ತು. ಕಾಂತಿ ಒದ್ದೆ ಕೈಯಲ್ಲಿಯೇ ಹೋಟೆಲಿನ ಮೆಟ್ಟಿಲಿಗೆ ಬಂದಳು. ಶಾಫಿ ಫುಟ್‌ಬೋರ್ಡಿನಲ್ಲಿ ನೇತಾಡುತ್ತ ದೂರದಿಂದಲೇ ಅವಳನ್ನು ಕಂಡ. ನಡುವೆ ಜನ, ಆಟೋ, ಹಾರ್ನುಗಳ ಗದ್ದಲ. ಅವನು ಒಂದು ಕೈ ಬಿಟ್ಟು ಬಾಯಿಗೆ ಅಡ್ಡ ಹಿಡಿದು ಕೂಗಿದ.

“ಅಕ್ಕಾ, ಉಂಟಾ?”

ಜೀವಮಾನದಲ್ಲಿ ನಾಲ್ಕು ಜನರ ನಡುವೆ ಸ್ವರ ಎತ್ತದಿದ್ದ ಕಾಂತಿ ಇಡೀ ನಿಲ್ದಾಣಕ್ಕೆ ಕೇಳುವಂತೆ, “ಉಂಟು!” ಎಂದಳು.

ನೆರಳಿನಲ್ಲಿ ನಿಂತು ಬಸ್ಸಿಗೆ ಕಾಯುತ್ತಿದ್ದ ದಪ್ಪ ಹೆಂಗಸೊಬ್ಬರು ಅದನ್ನು ಕೇಳಿ, ಸೀಟು ಉಂಟಂತೆ ಎನ್ನುತ್ತ ಎರಡು ಚೀಲಗಳನ್ನೂ ಎತ್ತಿಕೊಂಡು ಬಸ್ಸಿನ ಕಡೆಗೆ ಓಡಿದರು.